ತೂಬು ಎಣಿಸಿದ ನಂಜಣ್ಣ

ಹೊಸ ಅಗ್ರಹಾರದ ನಂಜಣ್ಣನನ್ನು ನಮ್ಮ ಕಡೆ ತೂಬಿನ ನಂಜಣ್ಣ ಎಂದೇ ಕರೆಯುವುದು. ಆತ ಅಲ್ಲಿಯ ನೀರುಗಂಟಿ. ನಾಲೆಯ ನೀರು ಯಾರ ಗದ್ದೆಗೆ ಯಾವ ಹೊತ್ತಿಗೆ ಹೋಗಬೇಕು, ಅದಕ್ಕೆ ಯಾವ ತೂಬು ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಎನ್ನುವುದೆಲ್ಲ ಆತನ ಕೈಯಲ್ಲಿದೆ. ಅಪ್ಪನೂ ಅದೇ ಕೆಲಸ ಮಾಡಿಕೊಂಡು ಬಂದವನು. ವಯಸ್ಸು ಐವತ್ತೆರಡು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲ ಮೇಲೆ ಗುದ್ದಲಿ, ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್. ಗುದ್ದಲಿ ನೀರಿಗೆ, ಸ್ಕ್ರೂಡ್ರೈವರ್ ಕಂಪ್ಯೂಟರಿಗೆ. ನಾಲೆ ನಿಂತ ತಿಂಗಳುಗಳಲ್ಲಿ ನಂಜಣ್ಣ ಮೈಸೂರಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುತ್ತಾನೆ.

ಈ ಎರಡನೆಯ ಕಸುಬು ಆತನಿಗೆ ಅಂಟಿಕೊಂಡದ್ದು ಹಾಲಿನ ಡೇರಿಯಲ್ಲಿ. ಒಂದು ಬೆಳಿಗ್ಗೆ ಡೇರಿಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದು ನಿಂತು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಡುತ್ತಿದ್ದಾಗ ನಂಜಣ್ಣ ಗೋಡೆಯ ಸ್ವಿಚ್ಚಿನಿಂದ ಹಿಡಿದು ತಂತಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿಕೊಂಡು ಬಂದನಂತೆ. ಐದನೆಯ ತಂತಿಯನ್ನು ಇಲಿ ಕಡಿದಿತ್ತು. ಈ ಡಬ್ಬಿಯೊಳಗೆ ಇರುವುದೂ ಕಾಲುವೆಗಳೇ ಎಂದು ಅವತ್ತೇ ಆತನಿಗೆ ಖಾತ್ರಿಯಾಯಿತು. ಇಂಗ್ಲಿಷ್ ಆತನಿಗೆ ಬರುವುದಿಲ್ಲ. ಅಕ್ಷರಗಳನ್ನು ರಂಗೋಲಿ ನೋಡಿದ ಹಾಗೆ ನೋಡಿ ಗುರುತಿಟ್ಟುಕೊಳ್ಳುತ್ತಾನೆ.

ನಂಜಣ್ಣನ ವಿಧಾನ ಗೊತ್ತಾಗಬೇಕಾದರೆ ಚಿಕ್ಕಮಾದಮ್ಮನ ಗದ್ದೆಯ ವಿಷಯ ಹೇಳಬೇಕು. ಆಕೆಯದು ಕಾಲುವೆಯ ಕಟ್ಟಕಡೆಯ ಗದ್ದೆ. ಒಂದು ವರ್ಷ ಮೂರು ಸರದಿ ಕಳೆದರೂ ಅಲ್ಲಿಗೆ ನೀರು ಬರಲಿಲ್ಲ. ಊರೆಲ್ಲ ಹೋಗಿ ಬಿರುಕು ಬಿಟ್ಟ ಗದ್ದೆಯ ಬದುವಿನ ಮೇಲೆ ನಿಂತು ಪಕ್ಕದ ಗದ್ದೆಯವನನ್ನು ಬೈಯಿತು. ನಂಜಣ್ಣ ಮಾತ್ರ ಅತ್ತ ಸುಳಿಯಲಿಲ್ಲ.

"ಕೊನೆ ಗದ್ದೆ ಒಣಗ್ತು ಅಂದ್ರೆ ಎಲ್ರೂ ಅಲ್ಲಿಗೇ ಓಗಿ ನೋಡ್ತಾರೆ. ಅಲ್ಲೇನದೆ ನೋಡಕ್ಕೆ? ಒಣಗಿರೋ ಗದ್ದೆ ಅದೆ. ಮೇಲಿಂದ ಎಣಿಸ್ಕಂಡ್ ಬರ್ಬೇಕು" ಎಂದು ನಾಲೆಯ ಬಾಯಿಗೆ ಹೋಗಿ, ತೂಬು ತೂಬಿಗೂ ಕೈ ಅದ್ದಿ ನೋಡುತ್ತ ಇಳಿದು ಬಂದ. ಪಟ್ಟಿಯಲ್ಲಿ ಇದ್ದದ್ದು ಹನ್ನೊಂದು ತೂಬು. ಎಣಿಸಿದರೆ ಹನ್ನೆರಡಾಯಿತು. ಹೆಚ್ಚಿನ ಒಂದು ಲಂಟಾನದ ಪೊದೆಯ ಕೆಳಗೆ ಅಡಗಿ ಕೂತು ನಂಜಣ್ಣನ ಸ್ವಂತ ಚಿಕ್ಕಪ್ಪನ ಬಾಳೆ ತೋಟಕ್ಕೆ ನೀರುಣಿಸುತ್ತಿತ್ತು. ನಂಜಣ್ಣ ಅಲ್ಲೇ ಕಲ್ಲು ಮಣ್ಣು ತುಂಬಿ ಮುಚ್ಚಿದ. ಚಿಕ್ಕಪ್ಪ ಎರಡು ವರ್ಷ ಮಾತು ಬಿಟ್ಟ. ಚಿಕ್ಕಮಾದಮ್ಮ ಮಾತ್ರ ಇವತ್ತಿಗೂ ಆತನ ಸೈಕಲ್ಲು ಅಡ್ಡಗಟ್ಟಿ ಮಜ್ಜಿಗೆ ಕುಡಿಸಿಯೇ ಕಳಿಸುತ್ತಾಳೆ.

ಇನ್ನು ನನ್ನ ಪ್ರತಾಪಕ್ಕೆ ಬರುತ್ತೇನೆ.

ನನ್ನ ಮಗಳು ಚಿನ್ನುವಿನ ಮದುವೆ ಹುಣಸೂರಿನ ಛತ್ರದಲ್ಲಿ ಆಯಿತು. ಕೂಸಾಗಿದ್ದಾಗ ಅವಳಿಗೆ ಎಣ್ಣೆ ನೀರು ಹಾಕಿ ಬೆಳೆಸಿದವಳು ಎಚ್.ಡಿ. ಕೋಟೆ ಕಡೆಯ ರಾಚಮ್ಮ ದೊಡ್ಡಮ್ಮ, ನನ್ನ ತಾಯಿಯ ಅಕ್ಕ. ಮದುವೆಯ ಹೊತ್ತಿಗೆ ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ಸಾಲಿನಲ್ಲೇ ಕೂರಿಸಿದ್ದೆವು. "ಒಗೆ ಕಂಡ್ತು, ಬಣ್ಣ ಕಂಡ್ತು. ಮಗೀನ ಮೊಕ ಮಾತ್ರ ಕಾಣ್ಲಿಲ್ಲ ಕಣ್ಲಾ" ಎಂದಿದ್ದಳು. ಈಗ ಆಪರೇಷನ್ ಮಾಡಿಸಿಕೊಂಡು ಕೆ.ಆರ್. ನಗರದ ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದು, ಸೋಮವಾರ ಊರಿಗೆ ಹೊರಡುವವಳಿದ್ದಳು. ಹೊರಡುವ ಮುಂಚೆ ಚಿನ್ನುವಿಗೆ ತಾಳಿ ಕಟ್ಟಿದ್ದನ್ನು ನೋಡಬೇಕು. ದೊಡ್ಡಮ್ಮ ನನ್ನನ್ನು ಏನಾದರೂ ಕೇಳಿದ್ದರೆ ಅದು ಇದೊಂದೇ.

ನೋಡುವುದಾದರೂ ಎಲ್ಲಿ? ಮದುವೆಯನ್ನು ವಿಡಿಯೋ ಮಾಡಿದ್ದು ಕಂಪಲಾಪುರದಲ್ಲಿ ಸ್ಟುಡಿಯೋ ಇಟ್ಟಿರುವ ರೇಣುಕಾ. ಎಡಿಟಿಂಗ್ ಮುಗಿಯುತ್ತ ಬಂದಾಗ ಸಿಡಿಲು ಬಡಿದು ಅವಳ ಮ್ಯಾಕ್ ಕಂಪ್ಯೂಟರ್ ಸುಟ್ಟುಹೋಯಿತು. ಉಳಿದದ್ದು ಒಂದು ಡಿಸ್ಕು. ಮದುವೆ ಅದರೊಳಗೆ ಭದ್ರವಾಗಿತ್ತು, ಆದರೆ ಮ್ಯಾಕ್ ಇಲ್ಲದೆ ಅವಳ ಎಡಿಟಿಂಗ್ ತೆರೆಯುತ್ತಿರಲಿಲ್ಲ. ಡಿಸ್ಕನ್ನು ಮ್ಯಾಕ್ ಇರುವ ಬೇರೆ ಯಾರ ಬಳಿಯಾದರೂ ಬಿಟ್ಟು ಬರಲು ರೇಣುಕಾ ಒಪ್ಪಲಿಲ್ಲ. ಹಿಂದೊಮ್ಮೆ ಹಾಗೆ ಬಿಟ್ಟು ಬಂದ ಡಿಸ್ಕು ಖಾಲಿಯಾಗಿ ಮನೆಗೆ ಬಂದಿತ್ತು.

ಆಗ ನಾನು ಬಾಯಿ ಬಿಟ್ಟೆ. "ಅದಕ್ಕೇನಮ್ಮ, ನಂಜಣ್ಣ ಜೋಡಿಸಿಕೊಟ್ಟ ಕಂಪ್ಯೂಟರ್ ನನ್ನ ಹತ್ತಿರ ಇದೆ. ಅದಕ್ಕೇ ಮ್ಯಾಕಿನ ಸಾಫ್ಟ್‌ವೇರ್ ಹಾಕಿಬಿಡ್ತೀನಿ."

ನನ್ನ ಧೈರ್ಯಕ್ಕೆ ಕಾರಣ ನಾನು ನೋಡಿದ ಮೂರು ವಿಡಿಯೋಗಳು. ಒಂದರಲ್ಲಿ ಮೀಸೆ ಚಿಗುರದ ಹುಡುಗ ಈ ಕೆಲಸವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿ ಕೈ ಬೀಸುತ್ತಾನೆ. ಮ್ಯಾಕ್ ತಮ್ಮ ಡಬ್ಬಿಯಲ್ಲಲ್ಲದೆ ಬೇರೆಲ್ಲೂ ಕೂರಬಾರದು ಎಂಬುದು ಅದನ್ನು ಮಾಡುವ ಕಂಪನಿಯ ಕಟ್ಟಳೆ ಎಂದು ಓದಿದ್ದೆ. ಬೇರೆ ಡಬ್ಬಿಗೆ ಬಲವಂತವಾಗಿ ಕರೆತಂದರೆ, ಮನಸ್ಸಿಲ್ಲದೆ ಬಂದ ಬೀಗರ ಹಾಗೆ ಮುಖ ಗಂಟಿಕ್ಕಿಕೊಂಡೇ ಇರುತ್ತದಂತೆ. ಬೀಗರನ್ನು ಸಂಭಾಳಿಸಿ ಅನುಭವವಿದೆ ಎಂದುಕೊಂಡೆ. ಯುದ್ಧಕ್ಕೆ ಮುಂಚೆ ತಯಾರಿ ಬೇಕೆಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಆದರೆ ಅದು ಮಕ್ಕಳಿಗೆ.

ನಾಲ್ಕು ದಿನ ಹೋರಾಡಿದೆ. ಪೆನ್ ಡ್ರೈವಿನಲ್ಲಿ ಮ್ಯಾಕ್ ತುಂಬಿ ಚುಚ್ಚುವುದು, ಪರದೆಯ ಮೇಲೆ ಮ್ಯಾಕಿನ ಗುರುತಾದ ಕಚ್ಚಿದ ಸೇಬು ಮೂಡುವುದು, ನಾನು ಹೆಂಡತಿಯನ್ನು ಕೂಗಿ ಕರೆಯುವುದು, ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಸೇಬು ಹೋಗಿ ಅಡ್ಡಗೆರೆ ಎಳೆದ ಒಂದು ವೃತ್ತ ಬರುವುದು. ರಸ್ತೆಯಲ್ಲಿ ವಾಹನ ನಿಲ್ಲಿಸಬಾರದೆಂದು ನೆಡುವ ಫಲಕದಂಥದು. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದೆ. ಯಾರೋ ಹೇಳಿದರೆಂದು ಒಂದೇ ಮಧ್ಯಾಹ್ನ ಹನ್ನೊಂದು ಸೆಟ್ಟಿಂಗ್ ಬದಲಿಸಿದೆ. ಫಲಕ ಅಲ್ಲಾಡಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡ ದೊಡ್ಡಮ್ಮ ದಿನಾ ಸಂಜೆ ಬಾಗಿಲಿಗೆ ಬಂದು ಕೇಳುತ್ತಿದ್ದಳು. "ಮದ್ವೆ ಸುರುವಾಯ್ತೇನ್ಲಾ?"

"ಇನ್ನೂ ಇಲ್ಲ ದೊಡ್ಡಮ್ಮ."

"ನಿನ್ ಮದ್ವೇಲೂ ಇಂಗೇ ತಡ ಮಾಡ್ದೆ ನೀನು."

ಶನಿವಾರ ಬೆಳಿಗ್ಗೆ ನಂಜಣ್ಣನಿಗೆ ಫೋನ್ ಮಾಡಿದೆ. ಒಂಬತ್ತಕ್ಕೆ ಬಂದ. ರೇಣುಕಾಳೂ ಎರಡು ಬಸ್ಸು ಹತ್ತಿಳಿದು ಬಂದಳು. ಸಂತೆಯಿಂದ ಕೋಳಿ ತರುವವರ ಹಾಗೆ ಡಿಸ್ಕಿನ ಚೀಲವನ್ನು ಮಡಿಲಿನಲ್ಲಿ ಒತ್ತಿ ಹಿಡಿದು ಕೂತಳು.

ನಂಜಣ್ಣ ಗುದ್ದಲಿಯನ್ನು ಜಗಲಿಗೆ ಒರಗಿಸಿ, ಡಬ್ಬಿಯ ಪಕ್ಕದ ಬಾಗಿಲು ತೆಗೆದು ಒಂದು ನಿಮಿಷ ನೋಡಿದ. "ಏನೇನ್ ಮುಟ್ಟಿದ್ದೀರಿ ಮೇಷ್ಟ್ರೇ?"

"ಜಾಸ್ತಿ ಏನೂ ಮುಟ್ಟಿಲ್ಲ."

"ರ‍್ಯಾಮು ಜಾಗ ಬದಲಾಗದೆ. ಈ ಸ್ಕ್ರೂ ನಂದಲ್ಲ."

ಹನ್ನೊಂದು ಸೆಟ್ಟಿಂಗಿನ ವಿಷಯವನ್ನೂ ಒಪ್ಪಿಕೊಂಡೆ.

"ಅನ್ನೊಂದ್ ತೂಬ ಒಟ್ಟಿಗೇ ತೆಗುದ್ರೆ ಯಾವ್ದ್ರಿಂದ ನೀರ್ ಬಂತು ಅಂತ ಎಂಗ್ ಗೊತ್ತಾಯ್ತದೆ? ಮೊದ್ಲು ನಾನ್ ಕೊಟ್ಟಿದ್ದಂಗೆ ಮಾಡಿ" ಎಂದ. ನಾನು ಮಾಡಿದ್ದನ್ನೆಲ್ಲ ಕಳೆಯುವುದಕ್ಕೆ ಒಂದು ಗಂಟೆ ಹಿಡಿಯಿತು.

ರೇಣುಕಾಗೆ ಅನುಮಾನ. "ನೀವು ಮ್ಯಾಕ್ ನೋಡಿದ್ದೀರಾ ನಂಜಣ್ಣ?"

"ಇಲ್ಲ ಕಣವ್ವ. ಆದ್ರೆ ಈ ಡಬ್ಬಿ ನಂದು. ಬರೋನ್ ಯಾರಾದ್ರೂ ಆಗ್ಲಿ, ನಮ್ಮೂರ್ ದಾರೀಲೇ ತಾನೆ ಬರ್ಬೇಕು?"

ಸೇಬಿನ ಚಿತ್ರದ ಬದಲು ಒಳಗೆ ನಡೆಯುವುದನ್ನೆಲ್ಲ ಬಿಳಿ ಅಕ್ಷರದಲ್ಲಿ ತೋರಿಸುವ ಉಪಾಯ ಒಂದು ನನಗೆ ಗೊತ್ತಿತ್ತು. ನನ್ನಿಂದಾದ ಏಕೈಕ ಉಪಕಾರ ಅದು. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದವು. ಕೊನೆಗೆ ಒಂದೇ ಸಾಲು ಮತ್ತೆ ಮತ್ತೆ ಬಂತು.

"ಏನಂತದೆ?" ಎಂದ ನಂಜಣ್ಣ.

"ಮ್ಯಾಕ್ ಇರುವ ಮೂಲ ಸಿಕ್ಕಿಲ್ಲ, ಇನ್ನೂ ಕಾಯ್ತಾ ಇದೀನಿ ಅಂತದೆ. ಮೂಲ ಅಂದ್ರೆ ಪೆನ್ ಡ್ರೈವು."

"ಪೆನ್ ಡ್ರೈವ್ ಚುಚ್ಕಂಡೇ ಅದಲ್ಲ."

"ಅದೇ ನನಗೂ ತಿಳೀದು. ಶುರುವಾಗಿದ್ದೇ ಅದರಿಂದ."

ನಂಜಣ್ಣ ಆಗ ಮೊದಲ ಸಲ ನಕ್ಕ. "ಸುರುಗೆ ನೀರ್ ಬುಟ್ಟೋನು ಈ ಡಬ್ಬಿಯ ಅಳೇ ನೀರುಗಂಟಿ. ಅವನಿಗೆ ಎಲ್ಲಾ ತೂಬೂ ಗೊತ್ತು. ಅರ್ಧ ದಾರೀಲಿ ಮ್ಯಾಕ್ ಬಂದು ಚಾರ್ಜ್ ತಗಂಡ್ನಲ್ಲ, ಅವನ ಪಟ್ಟೀಲಿ ನಿಮ್ ತೂಬಿಲ್ಲ. ಗದ್ದೆ ಕಾಯ್ತಾ ಕೂತದೆ, ನೀರ್ ನಡುವೆ ನಿಂತದೆ. ಅದ್ರ ಬಗ್ಗೆ ಏನಾರ ಬರ್ದವ್ರಾ, ಓದಿ."

ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆಗೆದು ಕನ್ನಡ ಮಾಡುತ್ತ ಓದಿದೆ. ಬೇಡವೆನಿಸಿದ ಕಡೆ ಹಾರಿಸಿದೆ. ನಡುವೆ ನಂಜಣ್ಣ ಕೈ ಎತ್ತಿದ. "ತಾಳಿ, ಎಷ್ಟಂದ್ರಿ?"

"ಹದಿನೈದು. ಮ್ಯಾಕ್ ಹದಿನೈದು ಯುಎಸ್‌ಬಿ ದಾರಿ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಂತೆ. ಅದಕ್ಕೂ ನಮಗೂ ಸಂಬಂಧ ಇಲ್ಲ. ನಮ್ಮಲ್ಲಿರೋದು ಹಿಂದೆ ಆರು ತೂತು, ಮುಂದೆ ನಾಲ್ಕು. ಹತ್ತೇ."

"ಆಮೇಲಿಂದೂ ಓದಿ. ಆರುಸ್ಬೇಡಿ."

ಹಾರಿಸದೆ ಓದಿದಾಗ ನನ್ನ ಧ್ವನಿ ಸಣ್ಣಗಾಗುತ್ತ ಹೋಯಿತು. ನೀಲಿ ಬಣ್ಣದ ಯುಎಸ್‌ಬಿ ತೂತು ಹೊರಗೆ ಒಂದೇ ಕಂಡರೂ ಒಳಗೆ ಎರಡು ದಾರಿ, ಒಂದು ನಿಧಾನದ್ದು, ಒಂದು ವೇಗದ್ದು. ಎರಡನ್ನೂ ಎಣಿಸಬೇಕು. ಬೋರ್ಡಿನ ಮೇಲೆ ಯಾರೂ ಬಳಸದೆ ಬಿಟ್ಟಿರುವ ಕನೆಕ್ಟರುಗಳನ್ನೂ ಎಣಿಸಬೇಕು.

ನಂಜಣ್ಣ ಟಾರ್ಚ್ ಹಿಡಿದು ಎಣಿಸಿದ. ಕಪ್ಪು ತೂತು ನಾಲ್ಕು. ನೀಲಿ ಆರು, ಅಂದರೆ ಹನ್ನೆರಡು. ಬಳಸದ್ದು ಎರಡು. "ಅದಿನೆಂಟು. ಅದಿನೈದಕ್ಕೆ ನೀರ್ ನಿಂತೋಯ್ತದೆ. ಕೊನೇವ್ ಮೂರು ಒಣಗ್ತವೆ. ಮೇಷ್ಟ್ರೇ, ಪೆನ್ ಡ್ರೈವ ಎಲ್ಲಿಗ್ ಚುಚ್ಚಿದ್ರಿ?"

"ಮುಂದಿನ ನೀಲಿಗೆ. ಅದು ವೇಗ ಅಂತ ಓದಿದ್ದೆ. ಅಲ್ಲದೆ ಹಿಂದಕ್ಕೆ ಚುಚ್ಚೋಕೆ ಬಗ್ಗಬೇಕು, ಹೊಟ್ಟೆ ಒತ್ತುತ್ತೆ."

"ಚಿಕ್ಕಮಾದಮ್ಮನ ಗದ್ದೆ" ಎಂದ ನಂಜಣ್ಣ.

ಪೆನ್ ಡ್ರೈವನ್ನು ಎಳೆದು, ಬಗ್ಗಿ, ಹಿಂದಿನ ಒಂದು ಕಪ್ಪು ತೂತಿಗೆ ಚುಚ್ಚಿದ. ಬೇರೆ ಏನನ್ನೂ ಮುಟ್ಟಲಿಲ್ಲ. "ಸ್ವಿಚ್ ಒತ್ತವ್ವ" ಎಂದು ರೇಣುಕಾಗೆ ಹೇಳಿದ. ಬಿಳಿ ಅಕ್ಷರಗಳು ಹರಿದವು, ನಾಲ್ಕು ದಿನ ನನ್ನನ್ನು ಕಾಡಿದ ಸಾಲಿನ ಹತ್ತಿರ ಬಂದವು, ಅಲ್ಲಿ ನಿಲ್ಲದೆ ಮುಂದಕ್ಕೆ ಹೋದವು. ಪರದೆ ಬೆಳ್ಳಗಾಗಿ, ಯಾವ ಭಾಷೆ ಬೇಕು ಎಂದು ಮ್ಯಾಕ್ ವಿನಯದಿಂದ ಕೇಳಿತು.

ಆಮೇಲೆ ಇನ್‌ಸ್ಟಾಲ್ ಆಗುವುದಕ್ಕೆ ಮಧ್ಯಾಹ್ನವಾಯಿತು. ಇನ್ನು ಇಪ್ಪತ್ತೊಂಬತ್ತು ನಿಮಿಷ ಎಂದು ತೋರಿಸಿ ಅದು ಮುಕ್ಕಾಲು ಗಂಟೆ ಅಲ್ಲೇ ಕೂತಾಗ ನನ್ನ ಕೈ ಸ್ವಿಚ್ಚಿನ ಕಡೆ ಹೋಯಿತು. ನಂಜಣ್ಣ ನನ್ನ ಕುರ್ಚಿಯನ್ನು ನನ್ನ ಸಮೇತ ಎರಡಡಿ ಹಿಂದಕ್ಕೆ ಎಳೆದು ಕೂರಿಸಿದ.

ಇನ್ನೊಂದು ಕೆಲಸ ಉಳಿದಿತ್ತು. ಲೆಕ್ಕ ಹದಿನೈದಕ್ಕೆ ಇಳಿಯಬೇಕಾದರೆ ಹದಿನೆಂಟರಲ್ಲಿ ಮೂರನ್ನು ಸೆಟ್ಟಿಂಗಿನಲ್ಲಿ ಖಾಯಂ ಮುಚ್ಚಬೇಕು. ಬಳಸದ ಎರಡು ಸುಲಭವಾಗಿ ಹೋದವು. ಮೂರನೆಯದಕ್ಕೆ ನಂಜಣ್ಣ ನನ್ನ ಮುಂದಿನ ನೀಲಿ ತೂತಿನ ವೇಗದ ದಾರಿಯ ಮೇಲೆ ಬೆರಳಿಟ್ಟ.

"ಅದೊಂದು ಬಿಡು ನಂಜಣ್ಣ, ಕೂತಲ್ಲೇ ಕೈಗೆ ಸಿಗೋದು ಅದೇ."

"ನಮ್ ಚಿಕ್ಕಪ್ಪನೂ ಇಂಗೇ ಅಂದಿದ್ದ" ಎಂದು ಮುಚ್ಚಿಸಿದ.

ರೇಣುಕಾ ತನ್ನ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡು ಡಿಸ್ಕು ಚುಚ್ಚಿದಾಗ ಮೂರೂವರೆ. ಅವಳು ಬಿಟ್ಟಿದ್ದ ಎಡಿಟಿಂಗ್ ಬಿಟ್ಟ ಹಾಗೇ ತೆರೆದುಕೊಂಡಿತು. ಬೆಳಿಗ್ಗೆಯಿಂದ ಚೀಲ ಒತ್ತಿ ಹಿಡಿದಿದ್ದ ಕೈಯನ್ನು ಆಗ ಸಡಿಲ ಬಿಟ್ಟಳು. ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ದೊಡ್ಡಮ್ಮನನ್ನು ಎದುರು ಕೂರಿಸಿದೆವು.

ಧಾರೆಯಾಯಿತು. ಗಟ್ಟಿಮೇಳ ಎಂದರು. ಓಲಗ ಜೋರಾಯಿತು. ಮದುಮಗ ತಾಳಿಗೆ ಕೈ ಹಾಕಿದ. ಅಷ್ಟರಲ್ಲಿ ಗಂಧದ ಬಣ್ಣದ ಅಂಗಿ ತೊಟ್ಟ ಒಂದು ವಿಶಾಲವಾದ ಬೆನ್ನು ಬಂದು ಇಡೀ ಪರದೆಯನ್ನು ಮುಚ್ಚಿತು. ಬೆನ್ನು ಅಕ್ಷತೆ ಎರಚಿತು. ಓಲಗ ಇಳಿಯುವ ತನಕ ಅಲ್ಲಿಂದ ಕದಲಲಿಲ್ಲ.

"ಯಾರ್ಲಾ ಅದು ಅಡ್ಡ ನಿಂತಿರೋನು?" ಎಂದಳು ದೊಡ್ಡಮ್ಮ.

ನನ್ನ ಹೆಂಡತಿ ಫ್ಯಾನ್ ನೋಡತೊಡಗಿದಳು. ಅದೇ ಅಂಗಿಯನ್ನು ನಾನು ಆಗಲೂ ತೊಟ್ಟು ಕೂತಿದ್ದೆ.

"ಮೇಲಿಂದ ಎಣಿಸ್ಕಂಡ್ ಬಂದ್ವಿ. ಕೊನೆಗ್ ನೋಡುದ್ರೆ ಅಡ್ಡ ಇರೋರು ಮನೆಯೋರೇ" ಎಂದ ನಂಜಣ್ಣ.

ದೊಡ್ಡಮ್ಮ ಪರದೆಯನ್ನೇ ನೋಡುತ್ತ ಕೂತಳು.

"ಒಂಚೂರ್ ತಡೀರಿ ಅಜ್ಜಿ. ಆ ಕಡೆಯಿಂದ ಇನ್ನೊಂದ್ ಕ್ಯಾಮರಾ ಇತ್ತು" ಎಂದು ರೇಣುಕಾ ಎದ್ದಳು. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ನನ್ನ ಬೆನ್ನನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಇನ್ನೊಂದು ಕ್ಯಾಮರಾದ ತುಣುಕನ್ನು ಕೂರಿಸಿದಳು.

ಮತ್ತೆ ಗಟ್ಟಿಮೇಳ. ಈ ಸಲ ಪರದೆಯ ತುಂಬ ಚಿನ್ನುವಿನ ಮುಖ. ತಲೆ ತಗ್ಗಿಸಿದ್ದಾಳೆ, ಕೊರಳಿಗೆ ತಾಳಿ ಬೀಳುತ್ತಿದೆ. ದೊಡ್ಡಮ್ಮ ಎದ್ದು ಟಿವಿಯ ಹತ್ತಿರ ಹೋಗಿ ಕಪ್ಪು ಕನ್ನಡಕ ತೆಗೆದಳು.

"ನನ್ ಮೂಗ್‌ಬೊಟ್ಟು" ಎಂದಳು. "ನಾನ್ ಕೊಟ್ಟಿದ್ದ ಮೂಗ್‌ಬೊಟ್ಟೇ ಆಕ್ಕಂಡವ್ಳೆ ಕಣ್ಲಾ. ಯಾರೂ ಏಳೇ ಇಲ್ವಲ್ಲ ನಂಗೆ."

ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಎಲ್ಲರಿಗೂ ಕಣ್ಣು ಚೆನ್ನಾಗಿತ್ತು.

ನಂಜಣ್ಣ ಗಡಿಯಾರ ನೋಡಿ ಎದ್ದ. ಐದೂವರೆಗೆ ಅವರೂರಿನ ಸರದಿ. ಜಗಲಿಯ ಗುದ್ದಲಿ ಹೆಗಲಿಗೇರಿಸಿ, "ಬತ್ತೀನಿ ಅಜ್ಜಿ" ಎಂದ. ದೊಡ್ಡಮ್ಮ ತಿರುಗಿ ನೋಡದೆಯೇ ಕೈ ಬೀಸಿ, ರೇಣುಕಾಗೆ ಹೇಳಿದಳು. "ಇನ್ನೊಂದ್ಸಲ ಕಟ್ಸವ್ವ."

ಆ ಸಂಜೆ ಚಿನ್ನುವಿಗೆ ಆರು ಸಲ ತಾಳಿ ಕಟ್ಟಿಸಿದೆವು. ಆರು ಸಲವೂ ನಾನು ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು, ಯಾರಿಗೂ ಅಡ್ಡವಾಗದ ಹಾಗೆ ಕೂತಿದ್ದೆ.