ಹೆಚ್ಚಿಗೆ ಹಾಕಿಸಿದ ಎಲೆ

ನನ್ನ ಅಕ್ಕನ ಮಗ ಪ್ರಸನ್ನಕುಮಾರ ಕಳೆದ ಬೇಸಗೆಯಿಡೀ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನನ್ನ ಪ್ರಾಣ ತಿಂದ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಬಸ್ ಪಾಸು ಎಂದು ಜನ ಬರುತ್ತಲೇ ಇರುತ್ತಾರೆ. ಅವರ ನಡುವೆ ಇವನದು ಒಂದೇ ರಾಗ: "ಮಾವ, ಇನ್ನೊಂದ್ಸಲ ನೋಡು." ಬೆಂಗಳೂರಿನ ರಂಗಶಾಲೆಯ ವೆಬ್‌ಸೈಟನ್ನು ನಾನು ಇನ್ನೊಂದು ಸಲ ತೆರೆಯುತ್ತಿದ್ದೆ. ಫಲಿತಾಂಶವನ್ನು ಶೀಘ್ರದಲ್ಲೇ ಪ್ರಕಟಿಸಲಾಗುವುದು ಎಂಬ ಸಾಲು ಅಲ್ಲೇ ಇರುತ್ತಿತ್ತು.

"ಶೀಘ್ರ ಅಂದ್ರೆ ಯಾವಾಗ ಮಾವ?"

"ನನ್ನೇನು ಕೇಳ್ತೀಯೋ? ನಾನೇನು ಅಲ್ಲಿ ಮೇಷ್ಟ್ರಾ?"

ಅವನ ಫೋನಿನಲ್ಲೂ ಅದನ್ನು ನೋಡಬಹುದಿತ್ತು. ಆದರೆ ಬೇರೆ ಎರಡು ನಾಟಕ ಶಾಲೆಗಳು ಆಗಲೇ ಇವನನ್ನು ಬೇಡವೆಂದಿದ್ದವು, ಆ ಸುದ್ದಿ ಬಂದದ್ದು ಆ ಫೋನಿಗೇ. ಹಾಗಾಗಿ ಅದನ್ನು ಮುಟ್ಟಲು ಹೆದರುತ್ತಿದ್ದ. ಉಳಿದದ್ದು ಇದೊಂದೇ ಶಾಲೆ.

ಸೀಟು ಸಿಗದಿದ್ದರೆ ಅವನು ಬೆಳಗಿನ ಹೊತ್ತು ಮಾಡುತ್ತಿದ್ದ ಗೊಬ್ಬರದ ಅಂಗಡಿಯ ಕೆಲಸ ಇದ್ದೇ ಇತ್ತಲ್ಲ, ಇಷ್ಟೊಂದು ಸಂಕಟ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಅವನಪ್ಪನ ವಿಚಾರ ಹೇಳಬೇಕು. ನನ್ನ ಭಾವ ರುದ್ರಮೂರ್ತಿ ವೀರಗಾಸೆ ಮೇಳದ ಯಜಮಾನರು. ಕಡೂರು, ತರೀಕೆರೆ ಕಡೆ ನಮ್ಮ ಜನರ ಮದುವೆಯಾಗಲಿ, ಗೃಹಪ್ರವೇಶವಾಗಲಿ, ವೀರಭದ್ರ ದೇವರ ಗುಗ್ಗಳದ ಮೆರವಣಿಗೆ ಹೊರಟರೆ ಮುಂದೆ ಭಾವನ ಮೇಳ ಕುಣಿಯಬೇಕು. ಕೆಂಪು ಉಡುಗೆ, ತಲೆಗೆ ಬಿಳಿ ಜಟೆ, ಕೈಯಲ್ಲಿ ಕತ್ತಿ. ಕುಣಿತದ ನಡುನಡುವೆ ನಿಂತು ಆವೇಶದಿಂದ ಕತೆ ಹೇಳುವುದಕ್ಕೆ ಒಡಪು ಎನ್ನುತ್ತೇವೆ. ದಕ್ಷ ಮಗಳನ್ನೂ ಅಳಿಯ ಶಿವನನ್ನೂ ಕರೆಯದೆ ಯಾಗ ಮಾಡಿದ್ದು, ಕರೆಯದಿದ್ದರೂ ಮಗಳು ತವರಿಗೆ ಬಂದು ಅವಮಾನಪಟ್ಟು ಬೆಂಕಿಗೆ ಹಾರಿದ್ದು, ಆಮೇಲೆ ವೀರಭದ್ರ ಹುಟ್ಟಿ ಬಂದು ದಕ್ಷನ ತಲೆ ಕಡಿದದ್ದು, ಇದೇ ಆ ಕತೆ. ಮಂಡಿನೋವು ಶುರುವಾದ ಮೇಲೆ ಭಾವ ಮೇಳದ ಚರ್ಮವಾದ್ಯ ಸಂಬಾಳ ಬಾರಿಸಲು ನಿಂತು ಒಡಪನ್ನು ಮಗನಿಗೆ ಒಪ್ಪಿಸಿದರು. ಪ್ರಸನ್ನ ಒಡಪು ಹೇಳಿದರೆ ಮುದುಕರ ಮೈಯೂ ಜುಂ ಎನ್ನುತ್ತಿತ್ತು.

ಹುಟ್ಟಿದಾಗಿನಿಂದ ದಕ್ಷನ ಕತೆ ಹೇಳಿಕೊಂಡು ಬಂದ ಈ ಭಾವ ತಮ್ಮ ಮನೆಯಲ್ಲಿ ಮಾಡಿದ್ದೇನು? ಮಗಳು ದೀಪಶ್ರೀ ತರೀಕೆರೆಯಲ್ಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಆಮೇಲೆ ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಭಾವ ಊರಿಗೆಲ್ಲ ಹೇಳಿದರು, ಅವಳಿಗೆ ಹೇಳಲಿಲ್ಲ. ಅವಳು ತಾನಾಗಿಯೇ ಬಂದು ಚಪ್ಪರದ ಕಂಬ ಹಿಡಿದು ನಿಂತಳು. ಭಾವ ಅವಳ ಕಡೆ ತಿರುಗದೆ, "ಕರೆದೋರು ಊಟಕ್ಕೆ ಏಳ್ರಪ್ಪಾ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಹುಡುಗಿ ಒಂದು ಲೋಟ ನೀರನ್ನೂ ಕುಡಿಯದೆ ಬಸ್ಸು ಹತ್ತಿದಳು. ಅವತ್ತಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲ.

ಪ್ರಸನ್ನನಿಗೆ ನಾಟಕದ ಹುಚ್ಚು ಹತ್ತಿದ್ದು ಕಡೂರಿನಲ್ಲಿ ಕಾಲೇಜು ಓದುವಾಗ. ಬೇಸಗೆಯ ಆರಂಭದಲ್ಲಿ ಬೆಂಗಳೂರಿಗೆ ಆಡಿಷನ್‌ಗೆ ಹೋಗಿಬಂದ. ಆಮೇಲೆ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ನನಗೊಬ್ಬನಿಗೇ ಹೇಳಿದ.

"ಮೊದ್ಲು ಒಡಪು ಹೇಳ್ದೆ ಮಾವ. ಪರೀಕ್ಷೆ ಮಾಡೋ ಮೇಡಂ, ಚೆನ್ನಾಗಿದೆ, ಈಗ ಕತ್ತಿ ಕೆಳಗಿಡಿ, ನೀವೇ ದಕ್ಷ, ಮಗಳು ಈಗಷ್ಟೇ ಬೆಂಕಿಗೆ ಬಿದ್ದಿದಾಳೆ, ಮಾತಾಡಿ ಅಂದ್ರು."

ನಮ್ಮ ಒಡಪಿನಲ್ಲಿ ದಕ್ಷನ ಸಂಕಟ ಯಾರಿಗೆ ಬೇಕು? ಬೈಸಿಕೊಂಡು ತಲೆ ಕೊಡುವುದಷ್ಟೇ ಅವನ ಕೆಲಸ. ಹುಡುಗ ಕಕ್ಕಾಬಿಕ್ಕಿಯಾಗಿ ನಿಂತನಂತೆ. ಆಗ ಅವನ ಕಣ್ಣಿಗೆ ಬಂದದ್ದು ಯಾಗಶಾಲೆಯಲ್ಲ, ತನ್ನ ಮನೆಯ ಚಪ್ಪರ. ನೆಲಕ್ಕೆ ಕುಸಿದ. ಅಪ್ಪನ ಕೆಮ್ಮು, ಅಪ್ಪನ ಗೊಗ್ಗರು ದನಿ ತಾನಾಗಿಯೇ ಬಂತು. "ಕರೀಲಿಲ್ಲ ಕಣವ್ವ, ನಿಜ. ಆದ್ರೂ ನೀನು ಬತ್ತೀಯ ಅಂತ ಒಂದ್ ಎಲೆ ಹೆಚ್ಚಿಗೆ ಹಾಕ್ಸಿದ್ದೆ" ಎಂದುಬಿಟ್ಟ. ಆ ಮೇಡಂ ಕನ್ನಡಕ ತೆಗೆದರಂತೆ. ಆಮೇಲೆ, ತಿಳಿಸ್ತೀವಿ ಹೋಗಿಬನ್ನಿ ಎಂದರಂತೆ.

"ಭಾವ ನಿಜವಾಗ್ಲೂ ಎಲೆ ಹಾಕ್ಸಿದ್ರೇನೋ?" ಎಂದೆ.

"ಎಲ್ಲಿ ಮಾವ! ಅದು ನಾನು ಹುಟ್ಟಿಸ್ಕೊಂಡು ಹೇಳಿದ್ದು. ಅಪ್ಪ ಅಂಥಾ ಮನುಷ್ಯನಾ?"

ಕಷ್ಟ ಶುರುವಾದದ್ದು ಹಿರೇನಲ್ಲೂರಿನ ಮದುವೆಯ ಗುಗ್ಗಳದಲ್ಲಿ. ನಾನೂ ಹೋಗಿದ್ದೆ. ಪ್ರಸನ್ನ ದಕ್ಷನ ತಲೆ ಕಡಿಯುವ ಜಾಗಕ್ಕೆ ಬಂದ, ಕತ್ತಿ ಎತ್ತಿದ, ದನಿ ಹೊರಡಲಿಲ್ಲ. "ಏನಪ್ಪಾ, ಹುಡುಗಂಗೆ ಹುಷಾರಿಲ್ವಾ?" ಎಂದು ಹೆಣ್ಣಿನ ಕಡೆಯ ಹಿರಿಯರೊಬ್ಬರು ಕೇಳಿದರು. ಮದುವೆ ಮನೆಯಲ್ಲಿ ಒಡಪು ಅರ್ಧಕ್ಕೆ ನಿಂತರೆ ಜನ ಅಪಶಕುನ ಎನ್ನುತ್ತಾರೆ. ಭಾವ ಸಂಬಾಳ ಬಿಡದೆ ಉಳಿದದ್ದನ್ನು ತಾವೇ ಕೂಗಿ ಹೇಳಿ ಮುಗಿಸಿದರು.

"ಕತ್ತಿ ಎತ್ತಿದ್ರೆ ಅಪ್ಪನ ಮುಖ ಕಾಣ್ತದೆ ಮಾವ" ಎಂದ ಪ್ರಸನ್ನ ಮಾರನೆಯ ದಿನ. "ಹೆಂಗ್ ಕಡೀಲಿ? ಸೀಟು ಸಿಕ್ರೆ ಎದ್ದು ಹೊರಟೋಗ್ತೀನಿ. ಸಿಗ್ಲಿಲ್ಲ ಅಂದ್ರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆ ಎಲೆ ಮಾತು ಬಾಯಲ್ಲಿಟ್ಕೊಂಡು ಅಪ್ಪನ ಪಕ್ಕ ಹೆಂಗ್ ನಿಲ್ಲೋದು?"

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವನು ದಕ್ಷನಾಗಿ ಅಭಿನಯಿಸಿದ್ದನ್ನಷ್ಟೇ ಅಕ್ಕ ಮಲ್ಲಿಕಾಂಬಳಿಗೆ ಹೇಳಿ, ದೇವರಿಗೆ ಏನಾದರೂ ಹರಕೆ ಕಟ್ಟಿಕೋ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಏನಂತ ಕಟ್ಕೊಳ್ಲೋ? ವೀರಭದ್ರನ ಮುಂದೆ ನಿಂತ್ಕೊಂಡು, ದಕ್ಷಂಗೆ ಸೀಟು ಕೊಡ್ಸಪ್ಪಾ ಅನ್ಲಾ?" ಎಂದಳು. ನಗು ಬಂತು, ಆದರೆ ನಗಲಾಗಲಿಲ್ಲ.

ಹುಡುಗ ಸೊರಗಿದ. ಗೊಬ್ಬರದ ಅಂಗಡಿಗೆ ಹೋಗುವುದನ್ನು ಬಿಟ್ಟ. ಆ ಮೇಡಂ ಕೊನೆಯಲ್ಲಿ ಕನ್ನಡಕ ತೆಗೆದದ್ದು ಕಣ್ಣೊರೆಸಲೋ ಅಥವಾ ಬೇಜಾರಾಗಿಯೋ ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಕಂಡಿದ್ದೇನೆಯೇ? ಊಟಕ್ಕೆ ಕರೆದರೆ ಬೇಡ. ಒಮ್ಮೆ ರೈಲ್ವೆ ಸ್ಟೇಷನ್ನಿನ ಕಡೆ ಸುಮ್ಮನೆ ಎದ್ದು ಹೋದ. ನಾನು ಗಿರಾಕಿಯ ಆಧಾರ್ ಕಾರ್ಡನ್ನು ಮೆಷಿನ್ನಿನೊಳಗೇ ಬಿಟ್ಟು ಅವನ ಹಿಂದೆ ಓಡಿದೆ. ಬೆಂಚಿನ ಮೇಲೆ ಕೂತಿದ್ದ. "ಭಯಬೀಳಬೇಡ ಮಾವ, ರಿಸಲ್ಟ್ ನೋಡ್ದೆ ಎಲ್ಲೂ ಹೋಗಲ್ಲ" ಎಂದ. ನನಗೆ ಭಯವಾದದ್ದೇ ಆ ಮಾತಿನಿಂದ.

ಪಟ್ಟಿ ಬಂದದ್ದು ಒಂದು ಸಂಜೆ, ನಾನು ಬಾಗಿಲು ಹಾಕುವ ಯೋಚನೆಯಲ್ಲಿದ್ದಾಗ. ಅದರಲ್ಲಿ ಅವನ ಹೆಸರಿರಲಿಲ್ಲ. ಕೆಳಗೆ ವೇಟಿಂಗ್ ಲಿಸ್ಟ್ ಇತ್ತು, ಅದರಲ್ಲೂ ಇರಲಿಲ್ಲ. "ಮೇಲಿಂದ ಇನ್ನೊಂದ್ಸಲ ನೋಡು ಮಾವ" ಎಂದ. ನೋಡಿದೆ. ಅವನು ಅಳಲಿಲ್ಲ, ಸ್ಟೂಲನ್ನು ಎತ್ತಿ ಗೋಡೆಗೆ ಒರಗಿಸಿಟ್ಟ. ಒಬ್ಬನನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ಬೈಕಿನ ಮೇಲೆ ಕೂರಿಸಿಕೊಂಡು ಅವನ ಹಳ್ಳಿಗೆ ಹೋದೆ.

ಮಾರನೆಯ ದಿನ ಲಿಂಗದಹಳ್ಳಿಯಲ್ಲಿ ಗುಗ್ಗಳವಿತ್ತು. ಭಾವ ಜಗುಲಿಯ ಮೇಲೆ ಕೂತು ಸಂಬಾಳದ ಹಗ್ಗ ಬಿಗಿಯುತ್ತಿದ್ದರು.

"ಏನಾಯ್ತೋ?"

"ಆಗ್ಲಿಲ್ಲಪ್ಪ."

ಭಾವ ಹಗ್ಗದಿಂದ ಕೈ ತೆಗೆಯಲಿಲ್ಲ. "ಬೆಂಗ್ಳೂರಿಗೆ ಹೋಗ್ಬಂದ್ ಮೇಲೇನೇ ನಿನ್ ದನಿ ಹೋಗಿದ್ದು. ಅಲ್ಲಿ ಅಂಥಾದ್ದೇನ್ ಮಾಡ್ದೆ? ಮಾಡಿ ತೋರ್ಸು."

ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಪ್ರಸನ್ನ ನನ್ನ ಕಡೆ ನೋಡಲೇ ಇಲ್ಲ. ಕಳೆದುಕೊಳ್ಳಲು ಅವನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಅಂಗಳದಲ್ಲಿ ಮಂಡಿಯೂರಿದ. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಮೊದಲು ಕೆಮ್ಮಿದ, ಭಾವ ಕೆಮ್ಮುವ ಹಾಗೆಯೇ. ಆಮೇಲೆ ಆ ಮಾತು ಹೇಳಿದ. ಕರೀಲಿಲ್ಲ ಕಣವ್ವ, ನಿಜ. ಆದ್ರೂ ನೀನು ಬತ್ತೀಯ ಅಂತ ಒಂದ್ ಎಲೆ ಹೆಚ್ಚಿಗೆ ಹಾಕ್ಸಿದ್ದೆ.

ಭಾವ ಹೊಡೆಯಲು ಎದ್ದರೆ ಅಡ್ಡ ಹೋಗಬೇಕೆಂದು ನಾನು ಮೆಟ್ಟಿಲ ಹತ್ತಿರ ಸರಿದೆ. ಅವರು ಏಳಲಿಲ್ಲ.

"ಎಲೆ ವಿಷ್ಯ ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲಪ್ಪ. ಅದು ನಾನೇ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಭಾವ ಅಕ್ಕನ ಕಡೆ ತಿರುಗಿದರು. "ನಾನ್ ಹೇಳಿಲ್ಲ ಕಣ್ರೀ" ಎಂದಳು ಅಕ್ಕ. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಒಳಮನೇಲಿ ಹಾಕ್ಸಿದ್ದ ಎಲೇನ ಬಡಿಸಿದ್ ಹಂಗೇ ಎತ್ತಿ ದನಕ್ಕೆ ಹಾಕ್ದೋಳು ನಾನು. ಇವತ್ತಿನ್ ತನಕ ಒಬ್ಬರ ಮುಂದೆ ಬಾಯಿ ಬಿಟ್ಟಿಲ್ಲ" ಎಂದು ಬಾಗಿಲಲ್ಲೇ ಕೂತು ಅತ್ತಳು.

"ಇಷ್ಟ್ ಚೆನ್ನಾಗಿ ಮಾಡಿದ್ರೂ ತಗೊಳ್ಲಿಲ್ವಾ ಅವ್ರು?" ಎಂದರು ಭಾವ. ಅಷ್ಟು ದಿನ ಕಲ್ಲಾಗಿದ್ದ ಹುಡುಗ ಆಗ ಅಂಗಳದ ಮಣ್ಣಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಭಾವ ಸಂಬಾಳವನ್ನು ಹತ್ತಿರಕ್ಕೆಳೆದುಕೊಂಡು ನಾಳೆಯ ಒಡಪನ್ನು ಮೆಲ್ಲಗೆ ಶುರುಮಾಡಿದರು. ಯಾಗ ಬಂತು. ಮಗಳು ಬಂದಳು. ವೀರಭದ್ರ ಕತ್ತಿ ಎತ್ತುವ ಜಾಗ ಬಂತು. ಭಾವನ ಬಾಯಿ ಕಟ್ಟಿತು. ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲೇ ನಿಂತರು. ಕೋಲುಗಳನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು.

"ಲೇ ರಾಜಶೇಖರ, ನಾಳೆ ಲಿಂಗದಹಳ್ಳೀಲಿ ಒಡಪು ಯಾರು ಹೇಳ್ತಾರೋ?"