ಕಿವಿಯಣ್ಣನಿಗೆ ಕೇಳಿಸದ ಸಾಲು

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಕೇಂದ್ರವೊಂದರಲ್ಲಿ ಅವರು ನಿವೃತ್ತಿಯವರೆಗೂ ಇದ್ದರು. ಓದುವವರು ಬೇರೆ, ಯಂತ್ರ ನೋಡಿಕೊಳ್ಳುವವರು ಬೇರೆ. ಇವರದು ಕೇಳುವ ಕೆಲಸ. ಅಚ್ಚಾದ ಪುಟವನ್ನು ಮುಂದಿಟ್ಟುಕೊಂಡು, ಹೆಡ್‌ಫೋನ್ ಏರಿಸಿ, ಎಲ್ಲಿ ಪದ ತಪ್ಪಿದೆ, ಎಲ್ಲಿ ಸಾಲು ಹಾರಿದೆ, ಎಲ್ಲಿ ಕುರ್ಚಿ ಕಿರುಗುಟ್ಟಿದೆ, ಎಲ್ಲಿ ಓದುವವರ ಹೊಟ್ಟೆ ಗುರುಗುಟ್ಟಿದೆ ಎಂದು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಬೇಕು. ಗುರುತು ಬಿದ್ದ ಭಾಗವನ್ನು ಮತ್ತೆ ಓದಿಸುತ್ತಾರೆ. ಹೊಸದಾಗಿ ಓದಲು ಬಂದವರಿಗೆ ಹಳಬರು ಮೊದಲು ಕೊಡುತ್ತಿದ್ದ ಬುದ್ಧಿವಾದ, ಹೊಟ್ಟೆ ತುಂಬ ತಿಂದು ಬನ್ನಿ, ಒಳಗೆ ಕಿವಿಯಣ್ಣ ಇದ್ದಾರೆ ಎಂಬುದು.

ಕಿವಿಯಣ್ಣ ಎಂಬ ಹೆಸರು ಬಿದ್ದದ್ದು ಹಾಗೆ. ಅವರಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಕಣ್ಣಿರುವವನು ಒಂದು ಸಾಲು ತಪ್ಪಿದರೆ ಪುಟ ತಿರುಗಿಸಿ ನೋಡಿಕೊಳ್ಳುತ್ತಾನೆ. ಇಲ್ಲದವನ ಪಾಲಿಗೆ ಆ ಸಾಲು ಇಲ್ಲವೇ ಇಲ್ಲ. ಇದನ್ನು ಅವರು ಯಾರಿಗೂ ಭಾಷಣ ಮಾಡಿ ಹೇಳಿದವರಲ್ಲ. ಗುರುತು ಹಾಕುತ್ತ ಹೋದರು, ಅಷ್ಟೆ.

ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ತೊಂದರೆ ಶುರುವಾಯಿತು. ಎರಡು ಕೋಣೆಯ ಮನೆ. ಮಗಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾಳೆ. ಹೀಗಾಗಿ ರೇಡಿಯೋ ಜೋರಾಗಿ ಹಾಕುವಂತಿಲ್ಲ. ಕೆಲಸದ ಕಾಲದ ಹಳೆಯ ಹೆಡ್‌ಫೋನನ್ನೇ ಅವರು ಹಾಕಿಕೊಳ್ಳುತ್ತಿದ್ದರು. ಕಿವಿಯನ್ನು ಸುತ್ತಲೂ ಮುಚ್ಚಿ ಹೊರಗಿನ ಸದ್ದನ್ನು ಒಳಗೆ ಬಿಡದ, ಭಾರವಾದ ಕಪ್ಪು ವಸ್ತು ಅದು. ಹೆಂಡತಿ ಅದಕ್ಕೆ ಇಟ್ಟ ಹೆಸರು ಕುಕ್ಕರ್ ಮುಚ್ಚಳ. ಒಂದು ಮಧ್ಯಾಹ್ನ ಆಕೆ ತರಕಾರಿ ಚೀಲದೊಡನೆ ಬಾಗಿಲಲ್ಲಿ ನಿಂತು ಗಂಟೆ ಒತ್ತಿದರು, ಬಾಗಿಲು ಬಡಿದರು, ಕಿಟಕಿಯಿಂದ ಕೈ ಬೀಸಿದರು. ಕಿವಿಯಣ್ಣ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಕೊನೆಗೆ ಎದ್ದು ಬಾಗಿಲು ತೆಗೆದವಳು ನಿದ್ದೆಗಣ್ಣಿನ ಮಗಳು.

“ಊರಿಗೆಲ್ಲ ಕಿವಿಯಣ್ಣ, ನನಗೆ ಮಾತ್ರ ಕಿವುಡಣ್ಣ,” ಎಂದರು ಹೆಂಡತಿ, ಚೀಲವನ್ನು ಅವರ ಕಾಲಬುಡದಲ್ಲಿ ಇಳಿಸುತ್ತ. “ನೋಡಿ, ಈ ಮುಚ್ಚಳ ಇರಬೇಕು, ಇಲ್ಲ ನಾನಿರಬೇಕು.”

ಮಗಳು ಆಕಳಿಸುತ್ತಲೇ ಒಂದು ದಾರಿ ಹೇಳಿದಳು. ಹಿಂಬದಿ ತೆರೆದಿರುವ ಹೆಡ್‌ಫೋನುಗಳೂ ಸಿಗುತ್ತವಂತೆ. ಕಿವಿಯ ಬಟ್ಟಲಿನ ಹೊರಮೈಗೆ ಮುಚ್ಚಳದ ಬದಲು ಜಾಲರಿ ಇರುತ್ತದೆ. ಗಾಳಿ ಆಡುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಸ್ವಲ್ಪ ಹೊರಗೂ ಸೋರುತ್ತದೆ. ಆದರೆ ಗೋಡೆ ದಾಟಿ ತನ್ನ ನಿದ್ದೆ ಕೆಡಿಸುವಷ್ಟಲ್ಲ. ಆಸ್ಪತ್ರೆಯ ಡಾಕ್ಟರೊಬ್ಬರ ಬಳಿ ಅವಳು ನೋಡಿದ್ದಳು.

ಕಿವಿಯಣ್ಣ ಇನ್ನೂ ಯೋಚಿಸುತ್ತಲೇ ಇರುತ್ತಿದ್ದರೇನೋ, ಆದರೆ ಅದೇ ವಾರ ಅಕ್ಕನಿಂದ ಫೋನಿಗೆ ಒಂದು ಹಾಡು ಬಂತು.

ಅಕ್ಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಒಳ್ಳೆಯ ಕಂಠ. ಬಹಳ ಹಿಂದೆ ಒಂದು ಕ್ಯಾಸೆಟ್ಟಿನ ತುಂಬ ಹಾಡಿ ತಮ್ಮನಿಗೆ ಕೊಟ್ಟಿದ್ದಳು. ತಮ್ಮ ಅದನ್ನು ಶ್ರದ್ಧೆಯಿಂದ ಕೇಳಿ, ಕ್ಯಾಸೆಟ್ಟಿನ ಹೊದಿಕೆಯ ಮೇಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದ್ದ: ಇಲ್ಲಿ ಉಸಿರು, ಇಲ್ಲಿ ಬಳೆ, ಇಲ್ಲಿ ಶ್ರುತಿ ಇಳಿಯಿತು. ಅದಕ್ಕಿಂತ ಹೆಚ್ಚಿನ ಗೌರವ ಯಾವುದೆಂದು ಅವನಿಗೆ ತಿಳಿದಿರಲಿಲ್ಲ. ಅಕ್ಕ ನಕ್ಕು ತೆಗೆದಿಟ್ಟಳು. ಆಮೇಲೆ ಅವನೆದುರು ಹಾಡಲಿಲ್ಲ. ಅವನು ಬಂದರೆ ಗುನುಗುವುದನ್ನೂ ನಿಲ್ಲಿಸುತ್ತಿದ್ದಳು ಎಂಬುದನ್ನು ಗಮನಿಸಿ ಹೇಳಿದವರು ಹೆಂಡತಿ. ಎಲ್ಲವನ್ನೂ ಕೇಳಿಸಿಕೊಳ್ಳುವ ಕಿವಿಗೆ ಆ ಮೌನ ಮಾತ್ರ ಕೇಳಿಸಿರಲಿಲ್ಲ.

ಈಗ, ಇಷ್ಟು ಕಾಲದ ನಂತರ, ಅವಳು ಹಾಡಿ ಕಳಿಸಿದ್ದಳು. ಅಮ್ಮ ಸಂಜೆ ಬಟ್ಟೆ ಮಡಿಸುತ್ತ ಹೇಳುತ್ತಿದ್ದ ಹಾಡು. ಜೊತೆಗೊಂದು ಸಂದೇಶ: ಕೇಳಿ ಇಟ್ಟಿರು, ಭಾನುವಾರ ಬರ್ತೀನಿ, ಪೆನ್ಸಿಲ್ ಮುಟ್ಟಬೇಡ.

“ಈ ಸಲವೂ ಉಸಿರು, ಬಳೆ ಅಂತ ಹೇಳಿದ್ರೆ ಅತ್ತಿಗೆ ಇನ್ನು ಈ ಜನ್ಮದಲ್ಲಿ ಹಾಡಲ್ಲ,” ಎಂದರು ಹೆಂಡತಿ. ಕಿವಿಯಣ್ಣನಿಗೂ ಅದು ಗೊತ್ತಿತ್ತು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅಕ್ಕನ ಧ್ವನಿಯನ್ನು ಕೇಳಲು ಅವರಿಗೆ ಮನಸ್ಸು ಬರಲಿಲ್ಲ. ಒಳ್ಳೆಯ ಹೆಡ್‌ಫೋನ್ ತಂದು, ಸರಿಯಾಗಿ ಕೇಳಿ, ಸರಿಯಾದ ಮಾತು ಹೇಳಬೇಕೆಂದುಕೊಂಡರು.

ಹೆಡ್‌ಫೋನ್ ಅಂಗಡಿ ಒಂದು ಸ್ಟೇಷನರಿ ಮಳಿಗೆಯ ಮೇಲಿನ ಮಹಡಿಯಲ್ಲಿತ್ತು. ನಡೆಸುತ್ತಿದ್ದವರು ಒಬ್ಬ ಹೆಂಗಸು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ಮೇಜಿನ ಮೇಲೆ ಬೆಸುಗೆ ಕಡ್ಡಿ ಇನ್ನೂ ಇತ್ತು. ಒಳಗೆ ದಪ್ಪ ಪರದೆ ಇಳಿಬಿಟ್ಟ ಸಣ್ಣ ಕೋಣೆ, ಒಂದು ಕುರ್ಚಿ. ಕಂಪನಿಯ ಹೆಸರು ಕಾಣದಂತೆ ಪಟ್ಟಿ ಅಂಟಿಸಿದ, ಜಾಲರಿಯ ಮೂರು ಹೆಡ್‌ಫೋನುಗಳನ್ನು ಆಕೆ ತಂದಿಟ್ಟರು: ಕಪ್ಪು, ಬೂದು, ಕಂದು. ಹೆಸರು ನೋಡಿದರೆ ಗಿರಾಕಿಗಳು ಕಿವಿಯ ಮಾತು ಕೇಳುವುದಿಲ್ಲ ಎಂಬುದು ಆಕೆಯ ಅನುಭವ. ನಿಮಗೆ ಇಷ್ಟವಾದ ಹಾಡು ಯಾವುದು, ಅದನ್ನೇ ಹಾಕಿ ನೋಡಿ ಎಂದರು.

ಕಿವಿಯಣ್ಣ ಹಾಡು ಹಾಕಲಿಲ್ಲ. ಅವರು ಫೋನಿನಲ್ಲಿ ತಂದಿದ್ದದ್ದು ಕೇಂದ್ರದಲ್ಲಿ ಓದಿಸಿದ್ದ ಹಳೆಯ ಅಧ್ಯಾಯವೊಂದರ ಧ್ವನಿಮುದ್ರಣವನ್ನು, ತಿದ್ದುವ ಮೊದಲಿನ ಪ್ರತಿ. ಅದರ ಪ್ರತಿಯೊಂದು ತಪ್ಪೂ ಅವರಿಗೆ ಬಾಯಿಪಾಠ. ಅಕ್ಕನ ಹಾಡನ್ನು ಪರೀಕ್ಷೆಗೆ ಬಳಸುವುದು ಸರಿಯಲ್ಲ, ಗೊತ್ತಿರುವುದರಿಂದಲೇ ಗೊತ್ತಿಲ್ಲದ್ದನ್ನು ಅಳೆಯಬೇಕು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನೂ ಆಗಿರಲಿಲ್ಲ. ಅಳೆಯಬೇಕಾದ್ದು ಮಾತ್ರ ಬೇರೆ ಇತ್ತು.

ಕಪ್ಪಿನಲ್ಲಿ ಪುಟ ತಿರುಗಿಸಿದ ಸದ್ದು ಕೇಳಿಸಿತು, ಕುರ್ಚಿಯ ಸದ್ದು ಮಸುಕಾಗಿತ್ತು. ಅದು ಕನ್ನಡಕದ ಕಡ್ಡಿಯನ್ನೂ ಕಿವಿಯ ಬುಡಕ್ಕೆ ಒತ್ತುತ್ತಿತ್ತು. ಕಂದಿನಲ್ಲಿ ಓದುವವರ ದನಿ ತುಂಬಿಕೊಂಡು ಚೆನ್ನಾಗಿತ್ತು, ಆದರೆ ಪುಟದ ಸದ್ದೇ ನಾಪತ್ತೆ. ತಪ್ಪನ್ನು ಮುಚ್ಚಿಡುತ್ತದೆ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಬೂದು ಬಣ್ಣದ್ದನ್ನು ಹಾಕಿಕೊಂಡಾಗ ಮುಖ ಅರಳಿತು. ಓದುವವರ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿ ಬಿಡುವ ಚಿಟಿಕೆ ಸದ್ದು ಕೂಡ ಅದರಲ್ಲಿತ್ತು. ಕೆಲಸದಲ್ಲಿದ್ದಾಗ ಅದು ಅವರಿಗೇ ಕೇಳಿಸಿರಲಿಲ್ಲ.

“ಇದೇ ಕೊಡಿ,” ಎಂದರು.

“ಸಾರ್, ಒಂದು ಹಾಡು ಹಾಕಿ ನೋಡ್ತೀರಾ?”

“ಮಾತೇ ಇಷ್ಟು ಸ್ಪಷ್ಟ ಇರುವಾಗ ಹಾಡು ಎಲ್ಲಿಗೆ ಹೋಗುತ್ತೆ, ಮೇಡಂ?”

“ಎಲ್ಲಿಗಾದ್ರೂ ಹೋದ್ರೆ ಒಂದು ವಾರದೊಳಗೆ ತಂದು ಕೊಡಿ. ಬದಲಾಯಿಸಿ ಕೊಡ್ತೀನಿ,” ಎಂದರು ಆಕೆ, ನಗದೆ.

ಮನೆಯಲ್ಲಿ ಕಿವಿಯಣ್ಣ ಕೈಕಾಲು ತೊಳೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಅಕ್ಕನ ಹಾಡು ಹಾಕಿದರು. ಮೊದಲು ಕೇಳಿಸಿದ್ದು ಫ್ಯಾನು. ಆಮೇಲೆ ಫೋನನ್ನು ಮೇಜಿನ ಮೇಲೆ ಸರಿಸಿದ್ದು. ಅಕ್ಕ ಬಾಯಿ ತೆರೆದದ್ದು, ಉಸಿರು ಎಳೆದದ್ದು. ಪಲ್ಲವಿಯ ಪ್ರತಿಯೊಂದು ‘ಸ’ಕಾರವೂ ಸೂಜಿಯ ಹಾಗೆ. ಎಲ್ಲೋ ದೂರದಲ್ಲಿ ಪಾತ್ರೆ. ವಯಸ್ಸಾದ ಗಂಟಲು ಮೇಲಿನ ಸ್ವರಕ್ಕೆ ಹೋಗುವ ಮೊದಲು ಒಮ್ಮೆ ತಡವರಿಸಿದ್ದು. ಪಲ್ಲವಿ ಮುಗಿಯುವ ಹೊತ್ತಿಗೆ ತಮ್ಮ ಬೆರಳು ಕುರ್ಚಿಯ ತೋಳಿನ ಮೇಲೆ ಗೀಟು ಎಳೆಯುತ್ತಿರುವುದು ಅವರ ಗಮನಕ್ಕೆ ಬಂತು. ಪೆನ್ಸಿಲ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕಿದರು. ಮತ್ತೆ ಫ್ಯಾನು, ಮತ್ತೆ ಉಸಿರು. ಅಕ್ಕ ಎಲ್ಲೂ ಸಿಗಲಿಲ್ಲ. ಇನ್ನು ತಮಗೆ ಹಾಡು ಕೇಳಲು ಬರುವುದೇ ಇಲ್ಲವೇನೋ, ಆ ಶಕ್ತಿಯನ್ನು ಕೇಂದ್ರದಲ್ಲೇ ಬಿಟ್ಟು ಬಂದೆನೇನೋ ಎಂದು ಅವರಿಗೆ ಅನ್ನಿಸಿತು.

ಹೆಂಡತಿ ಎದುರಿನ ಮಂಚದ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ಹೆಡ್‌ಫೋನ್ ತೆರೆದ ಬಗೆಯದಾದ್ದರಿಂದ ಆಕೆಯ ಗುನುಗು ಕಿವಿಯಣ್ಣನಿಗೆ ಕೇಳಿಸಿತು. ಅದೇ ಹಾಡು.

“ನಿನಗೆ ಕೇಳಿಸ್ತಿದೆಯಾ?”

“ಸೋರ್ತಾ ಇದೆಯಲ್ಲ. ಅತ್ತಿಗೆ ಎಷ್ಟು ಚೆನ್ನಾಗಿ ಹೇಳಿದಾರೆ. ನಿಮ್ಮಮ್ಮನ ಥರಾನೇ ಎಳೀತಾರೆ, ಆ ಕೊನೇಲಿ.”

ಕಿವಿಯಣ್ಣ ಎದ್ದು ಆಕೆಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ಆಕೆಯ ತಲೆಗೆ ಏರಿಸಿದರು. ತಂತಿ ಸೆರಗಿಗೆ ಸಿಕ್ಕಿತು, ಬಿಡಿಸಿದರು. ಆಮೇಲೆ ಆಕೆ ಕೂತಿದ್ದ ಜಾಗದಲ್ಲಿ, ಮಡಿಸಿದ ಬಟ್ಟೆಗಳ ಪಕ್ಕದಲ್ಲಿ ತಾವು ಕೂತು ಕಿವಿಗೊಟ್ಟರು. ಜಾಲರಿಯಿಂದ ಹೊರಬೀಳುತ್ತಿದ್ದದ್ದು ದನಿಯ ಎಳೆಯಷ್ಟು ಮಾತ್ರ. ಫ್ಯಾನಿನ ಸದ್ದು, ಉಸಿರು, ಪಾತ್ರೆ ಎಲ್ಲವೂ ಬಹಳ ಸಣ್ಣವು. ಕೋಣೆಯ ಗಾಳಿ ದಾಟಿ ಬರುವಷ್ಟು ಬಲ ಅವಕ್ಕಿರಲಿಲ್ಲ. ರಾಗಕ್ಕೆ ಇತ್ತು. ಅಮ್ಮ ಮಡಿಸಿದ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ನೇವರಿಸಿ ಪಕ್ಕಕ್ಕಿಡುವಾಗ ಹೇಳುತ್ತಿದ್ದ ತಿರುವು ಬಂತು, ಹೋಯಿತು.

“ತುಂಬಾ ಚುಚ್ಚುತ್ತೆ ರೀ ಇದು,” ಎಂದು ಹೆಂಡತಿ ಹೆಡ್‌ಫೋನ್ ತೆಗೆದು ಕೈಗೆ ಕೊಟ್ಟರು. “ಹೊರಗಿನಿಂದಲೇ ಚೆನ್ನಾಗಿತ್ತು.”

ಮರುದಿನ ಅವರು ಮಹಡಿಯ ಅಂಗಡಿಗೆ ಹೋದರು. ಹಾಡು ಎಲ್ಲಿಗೋ ಹೋಯಿತು ಎಂದು ತಾವೇ ಒಪ್ಪಿಕೊಂಡರು. ಅಂಗಡಿಯಾಕೆ ಹಿಂದಿನ ಮಾತನ್ನು ಎತ್ತಿ ಆಡಲಿಲ್ಲ. ಉಸಿರು, ಕಾಗದ, ಸಕಾರ ಎಲ್ಲವೂ ಇರುವುದು ಮೇಲಿನ, ಕೀಚಲು ಭಾಗದಲ್ಲಿ. ಬೂದಿನದು ಆ ಭಾಗವನ್ನು ಎತ್ತಿ ತೋರಿಸುತ್ತದೆ, ಕಂದಿನದು ಸ್ವಲ್ಪ ತಗ್ಗಿಸುತ್ತದೆ ಎಂದು ವಿವರಿಸಿದರು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಒಂದು ಕೆಲಸಕ್ಕೆ, ಇನ್ನೊಂದು ಸಂಜೆಗೆ. ಕೈ ಎರಡೂ ಮೊಣಕಾಲ ಮೇಲಿರಲಿ ಎಂದೂ ಹೇಳಿದರು. ಹಿಂದಿನ ಸಲ ಕಿವಿಯಣ್ಣನ ಬೆರಳು ಆಡುತ್ತಿದ್ದದ್ದನ್ನು ಪರದೆಯ ಸಂದಿನಿಂದ ನೋಡಿದ್ದರಂತೆ.

ಈ ಸಲ ಕಿವಿಯಣ್ಣ ಅಕ್ಕನ ಹಾಡನ್ನೇ ಹಾಕಿದರು. ಕಂದು ಹೆಡ್‌ಫೋನಿನ ದಿಂಬು ಮೆತ್ತಗೆ ಕನ್ನಡಕದ ಸುತ್ತ ಕೂತಿತು. ದನಿ ತಲೆಯೊಳಗಿಂದ ಬರಲಿಲ್ಲ. ಎದುರಿನಿಂದ, ತುಸು ದೂರದಿಂದ, ಪಕ್ಕದ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತ ಹಾಡುತ್ತಿದ್ದಾರೆ, ನಡುವಿನ ಬಾಗಿಲು ತೆರೆದಿದೆ ಎನ್ನುವಂತೆ ಬಂತು. ಫ್ಯಾನು ಇತ್ತೋ ಇಲ್ಲವೋ ಅವರು ನೋಡಲಿಲ್ಲ. ಆಕೆ ಪರದೆ ಸರಿಸಿ, ಸಾರ್, ಮುಗಿದು ಬಹಳ ಹೊತ್ತಾಯಿತು, ಹೇಗಿದೆ ಎಂದು ಕೇಳಿದಾಗಲೇ ಹಾಡು ನಿಂತದ್ದು ಅವರಿಗೆ ತಿಳಿದದ್ದು.

ಬೂದಿನದನ್ನು ಕೊಟ್ಟು ಕಂದಿನದನ್ನು ತಂದ ಮೇಲೆ ಮನೆಯಲ್ಲಿ ಹೆಂಡತಿ ತಮ್ಮದೇ ಪರೀಕ್ಷೆ ನಡೆಸಿದರು. ಗಂಡ ಹೆಡ್‌ಫೋನ್ ಹಾಕಿಕೊಂಡು ಕೂತ ಮೇಲೆ ಸದ್ದಿಲ್ಲದೆ ಹೊರಗೆ ಹೋಗಿ, ಬಾಗಿಲೆಳೆದುಕೊಂಡು ಗಂಟೆ ಒತ್ತಿದರು. ಬಾಗಿಲು ತಕ್ಷಣ ತೆರೆಯಿತು. “ಯಾರು ಬೇಕಿತ್ತು?” ಎಂದರು ಕಿವಿಯಣ್ಣ. “ಕಿವಿ ಇರೋ ಗಂಡ. ಇಲ್ಲೇ ಇರ್ತಾರಂತೆ,” ಎಂದು ಹೆಂಡತಿ ಒಳಗೆ ಬಂದರು. ಕುಕ್ಕರ್ ಮುಚ್ಚಳ ಅಟ್ಟ ಸೇರಿತು.

ಭಾನುವಾರ ಅಕ್ಕ ಬಂದಳು. ಕೊಡೆ ಮೂಲೆಗಿಟ್ಟು, ನೀರು ಕುಡಿದು, ಮಗಳು ಮಲಗಿದ್ದಾಳೆಂದು ತಿಳಿದು ದನಿ ತಗ್ಗಿಸಿದಳು. ಬೇರೆ ಮಾತೆಲ್ಲ ಆಡಿದಳು: ಮೊಣಕಾಲು ನೋವು, ಲೈಬ್ರರಿಯ ಹಾಡಿನ ಗುಂಪಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ. ಹಾಡಿನ ಸುದ್ದಿ ಎತ್ತಲಿಲ್ಲ. ಊಟ ಮುಗಿದು ತಟ್ಟೆ ಎತ್ತುವಾಗ, ತಮ್ಮನ ಮುಖ ನೋಡದೆ, “ಸರಿ, ಹೇಳಿಬಿಡು. ಎಷ್ಟು ಗುರುತು ಬಿತ್ತು?” ಎಂದಳು.

“ಗುರುತು ಹಾಕಲಿಲ್ಲ, ಅಕ್ಕ. ಚೆನ್ನಾಗಿತ್ತು.”

“ನನ್ನ ಸಮಾಧಾನಕ್ಕೆ ಹೇಳಬೇಡ.”

“ದಿನಾ ಕೇಳ್ತಿದೀನಿ.”

ಅಕ್ಕ ತಟ್ಟೆಯನ್ನು ಮತ್ತೆ ಕೆಳಗಿಟ್ಟಳು. “ಎರಡನೇ ಚರಣದಲ್ಲಿ?”

“ಎರಡನೇ ಚರಣದಲ್ಲಿ ಏನು?”

“ಒಂದು ಸಾಲು ಪೂರ್ತಿ ಮರೆತುಹೋಯ್ತು. ಹಾಗೇ ಮುಂದಕ್ಕೆ ಹೋಗಿಬಿಟ್ಟೆ. ನೀನು ಮೊದಲು ಅದನ್ನೇ ಹೇಳ್ತೀಯ ಅಂತ ದಾರಿಯುದ್ದಕ್ಕೂ ಉತ್ತರ ಸಿದ್ಧ ಮಾಡ್ಕೊಂಡು ಬಂದಿದೀನಿ.”

ಜೀವಮಾನವಿಡೀ ಕಿವಿಯಣ್ಣ ಹಾರಿದ ಸಾಲುಗಳನ್ನು ಹಿಡಿದು ಕೊಟ್ಟವರು. ಅದಕ್ಕಿಂತ ದೊಡ್ಡ ತಪ್ಪು ಕೇಂದ್ರದಲ್ಲಿ ಇರಲಿಲ್ಲ. ಅಮ್ಮನ ಹಾಡು, ಬಾಯಿಪಾಠವಾಗಿದ್ದದ್ದು. ಬೂದಿನದರಲ್ಲಿ ಅವರು ಪಲ್ಲವಿ ದಾಟಿರಲಿಲ್ಲ, ಕಂದಿನದರಲ್ಲಿ ಹುಡುಕಿರಲಿಲ್ಲ. ಹೆಂಡತಿಯ ಕಡೆ ನೋಡಿದರು. ಆಕೆ ತಲೆಯಾಡಿಸಿದರು: ತಮಗೂ ತಿಳಿಯಲಿಲ್ಲ.

“ನನಗೆ ಗೊತ್ತಾಗಲಿಲ್ಲ, ಅಕ್ಕ,” ಎಂದರು.

ಅಕ್ಕ ಅವರ ಮುಖವನ್ನೇ ನೋಡಿದಳು. ತಮ್ಮನಿಗೆ ಬೇರೆ ಏನು ಬಂದರೂ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ಮಲಗಿದ್ದವಳ ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಲುಕುವಂತೆ ನಕ್ಕಳು. “ಕಿವಿಯಣ್ಣನಿಗೇ ಸಾಲು ತಪ್ಪಿತು,” ಎಂದಳು ತಮ್ಮನ ಹೆಂಡತಿಯ ಕಡೆ ತಿರುಗಿ. “ಇವನು ಹಾಡು ಕೇಳಿದಾನೆ ಕಣಮ್ಮ. ನಿಜವಾಗಿಯೂ ಕೇಳಿದಾನೆ.”

ಸಂಜೆ ಹೊರಡುವಾಗ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತ, ಒಂದು ಕೈಯನ್ನು ಬಾಗಿಲಿಗೆ ಊರಿ, ಅಕ್ಕ ಸಣ್ಣ ದನಿಯಲ್ಲಿ ಎರಡನೇ ಚರಣವನ್ನು ಎತ್ತಿಕೊಂಡಳು. ಮರೆತ ಸಾಲು ಈಗ ತಾನಾಗಿ ಬಂತು. ಮಹಡಿ ಮೆಟ್ಟಿಲಲ್ಲಿ ಯಾರೋ ಇಳಿಯುತ್ತಿದ್ದರು, ಕೆಳಗೆ ಸ್ಕೂಟರೊಂದು ಶುರುವಾಗದೆ ಒದ್ದಾಡುತ್ತಿತ್ತು. ಕಿವಿಯಣ್ಣ ಅವಳ ಕೊಡೆ ಹಿಡಿದುಕೊಂಡು, ಹಾಡು ಮುಗಿಯುವವರೆಗೂ ಅದನ್ನು ಕೊಡದೆ ನಿಂತಿದ್ದರು.