ಕಳಿಸಲು ಬಂದವರ ಲೆಕ್ಕ

ನನ್ನ ಮೊದಲ ನೌಕರಿ ಜನರನ್ನು ಎಣಿಸುವುದಾಗಿತ್ತು. ಹಾಗೆಂದರೆ ಕೇಳಿದವರು ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಆಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲಿಂದ ಕದಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಓದು ಮುಗಿಸಿ, ನಾಗಪುರದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದವರನ್ನು ಮದುವೆಯಾಗಿ ಆ ಊರಿನ ಪ್ರತಾಪ ನಗರ ಬಡಾವಣೆಗೆ ಬಂದಿದ್ದೆ. ಮನೆಯಲ್ಲಿ ನಾನು, ಗಂಡ, ಅತ್ತೆ ಮೂವರೇ. ಅತ್ತೆ ಕೈ ಮುಟ್ಟಿದ ಕೆಲಸವನ್ನು ಇನ್ನೊಬ್ಬರಿಗೆ ಬಿಡುವವರಲ್ಲ. ಹಾಗಾಗಿ ನನಗೆ ಅಡುಗೆಮನೆಯಲ್ಲಿ ಉಳಿಯುತ್ತಿದ್ದದ್ದು ಕೊತ್ತಂಬರಿ ಸೋಸುವುದೊಂದೇ. ಎಷ್ಟು ಅಂತ ಸೋಸಲಿ?

ಆಗ ಒಬ್ಬ ಮರಾಠಿ ಇಂಜಿನಿಯರ್ ಸಾಹೇಬರ ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಊರಿನ ದೊಡ್ಡ ಸ್ಟೇಷನ್ನಿನಿಂದ ಅಜನಿ ದಾಟಿ ಸೋನೆಗಾಂವ್ ವಿಮಾನ ನಿಲ್ದಾಣದ ಬಾಗಿಲವರೆಗೆ ಒಂದು ಪುಟ್ಟ ರೈಲು ಓಡಿಸಬಹುದೇ ಎಂದು ಅವರು ಅಭ್ಯಾಸ ನಡೆಸಿದ್ದರು. ಗೋಡೆಯ ಮೇಲಿನ ನಕ್ಷೆಯಲ್ಲಿ ಆ ಹಳಿಯನ್ನು ಕೆಂಪು ಪೆನ್ಸಿಲ್ಲಿನಲ್ಲಿ ಎಳೆದಿದ್ದರು. ದಿನಕ್ಕೊಮ್ಮೆ ಅದನ್ನು ಅಳಿಸಿ ಸ್ವಲ್ಪ ಆಚೀಚೆ ಎಳೆಯುತ್ತಿದ್ದರು. ಹಳಿ ಸರಿದಾಗಲೆಲ್ಲ ಅವರಿಗೆ ಹೊಸ ಉತ್ಸಾಹ. ಡಬ್ಬಿಗಳಿಗೆ ಯಾವ ಬಣ್ಣ ಎಂಬುದನ್ನೂ ಯೋಚಿಸಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಮನಸ್ಸಿನಲ್ಲೇ ನಕ್ಕರೂ, ಆ ಕುಲಾವಿ ನನಗೂ ಬಹಳ ಇಷ್ಟವಾಗಿತ್ತು.

ಅತ್ತೆ ನೌಕರಿಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಅಭ್ಯಾಸ ಮುಗೀತಂದ್ರ ನೌಕರಿನೂ ಮುಗೀತು. ಆಮ್ಯಾಲೆ ಮತ್ತ ಬ್ಯಾರೆ ಕಡೆ ಹೋಕ್ಕೇನಿ ಅನ್ನಂಗಿಲ್ಲ. ಬರೋಬರ್?"

"ಬರೋಬರ್," ಅಂದೆ. ಗಂಡ ಪೇಪರಿನ ಹಿಂದೆ ಅಡಗಿಕೊಂಡರು. ದೀಪಾವಳಿ ಆದ ಮೇಲೆ ಒಂದು ಸಮಿತಿ ಕೂಡುವುದಿತ್ತು. ಅದು ಒಪ್ಪಿದರೆ ಅಭ್ಯಾಸದ ಎರಡನೆಯ ಹಂತ, ಜೊತೆಗೆ ನನ್ನ ನೌಕರಿ. ಒಪ್ಪದಿದ್ದರೆ ನಕ್ಷೆ ಸುರುಳಿ ಸುತ್ತಿ ಮೂಲೆಗೆ, ನಾನು ಕೊತ್ತಂಬರಿಗೆ.

ವಿಮಾನ ನಿಲ್ದಾಣದ ಬಾಗಿಲ ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿಕೊಟ್ಟಿದ್ದರು. ಟಿಕೆಟ್ ಹಿಡಿದು ಬಂದವರನ್ನು ಎಣಿಸಬೇಕು, ಯಾವುದರಲ್ಲಿ ಬಂದಿರಿ ಎಂದು ಕೇಳಬೇಕು. ಕೆಲಸ ನನಗೆ ಹಬ್ಬದ ಹಾಗಿತ್ತು. ಎಂಥೆಂಥ ಜನ! ಸೂಟು ಹಾಕಿದವರು, ಕಿತ್ತಳೆ ಬುಟ್ಟಿ ಹೊತ್ತವರು, ವಿಮಾನ ಕಂಡದ್ದೇ ಹೆಂಡತಿಯ ಕೈ ಹಿಡಿದುಕೊಂಡವರು. ಆದರೆ ಆ ಕಾಲದಲ್ಲಿ ವಿಮಾನಗಳೇ ಕಡಿಮೆ, ಹತ್ತುವವರು ಇನ್ನೂ ಕಡಿಮೆ. ಸಂಜೆ ನನ್ನ ಕಾಗದ ನೋಡಿದರೆ ಸಾಹೇಬರ ಮುಖ ಬಾಡುತ್ತಿತ್ತು. ಮರಾಠಿಯಲ್ಲಿ ಅತ್ತಿಗೆಗೆ ವಹಿನಿ; ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು.

"ವಹಿನಿ, ಇಷ್ಟು ಮಂದಿಗೆ ರೈಲು ಯಾಕೆ, ಎರಡು ಟಾಂಗಾ ಸಾಕು ಅಂತಾರೆ ಸಮಿತಿಯವರು," ಎನ್ನುತ್ತಿದ್ದರು. ಅವತ್ತು ನಕ್ಷೆಯ ಮೇಲಿನ ಹಳಿ ಸರಿಯುತ್ತಿರಲಿಲ್ಲ.

ಹೀಗಿರುವಾಗ ನನ್ನ ಗಂಡನ ಬ್ಯಾಂಕಿನ ಮ್ಯಾನೇಜರರಿಗೆ ಮುಂಬಯಿಗೆ ವರ್ಗವಾಯಿತು. ಅವರೂ ನಮ್ಮ ಕಡೆಯವರೇ, ಮೊದಲ ಸಲ ವಿಮಾನ ಹತ್ತುವವರು. ನಮ್ಮ ಜನ ಬಿಡುತ್ತಾರೆಯೇ? ನಾಗಪುರದ ಕನ್ನಡದವರೆಲ್ಲ ಕಳಿಸಲು ಹೊರಟರು. ಆಟೋಗಳಲ್ಲಿ, ಸ್ಕೂಟರುಗಳಲ್ಲಿ, ಕಾಮಠಿಯ ಮಿಲಿಟರಿ ಮನೆಗಳವರು ಒಂದು ಮೆಟಡೋರಿನಲ್ಲಿ ಬಂದಿಳಿದರು. ಹೋಗುವವರು ಒಬ್ಬರು, ಕಳಿಸುವವರು ಒಂದು ದಿಬ್ಬಣ. ಎಲ್ಲರ ಮುಂದೆ ನಮ್ಮ ಅತ್ತೆ. ಒಂದು ಕೈಯಲ್ಲಿ ಮೊಸರಿನ ಡಬ್ಬಿ, ಇನ್ನೊಂದರಲ್ಲಿ ಬುತ್ತಿಯ ಗಂಟು. ಊರು ಬಿಡುವವರ ಅಂಗೈಗೆ ಒಂದು ಚಮಚ ಮೊಸರು ಹಾಕದೆ, ದಾರಿಗೆ ಬುತ್ತಿ ಕಟ್ಟದೆ ಅವರು ಯಾರನ್ನೂ ಕಳಿಸಿದವರಲ್ಲ. ವಿಮಾನದಲ್ಲಿ ಊಟ ಕೊಡುತ್ತಾರೆ ಎಂದರೆ, "ಅವರ ಊಟ ಅವರಿಗಿರ್ಲಿ," ಎಂದಿದ್ದರು.

ಮ್ಯಾನೇಜರರ ಹೆಸರಿಗೆ ನಾನೊಂದು ಗೀಟು ಎಳೆದದ್ದನ್ನು ಅತ್ತೆ ನೋಡಿದರು.

"ಏನ ಎಣಸಾಕತ್ತೀ?"

"ಟಿಕೀಟ ಇದ್ದವರನ್ನ."

"ಮತ್ತ ನಾವು? ಆಟೋದಾಗ ಸೊಂಟ ಮುರಕೊಂಡ ಬಂದೇವಿ. ನಾವೇನ ಮನಷ್ಯಾರಲ್ಲೇನ?"

ಎಲ್ಲರೆದುರು ಹೀಗೆ ಕೇಳಿದರಲ್ಲ ಎಂದು ನನಗೆ ಉರಿದುಹೋಯಿತು. ಅದೇ ಉರಿಯಲ್ಲಿ ಕಚೇರಿಗೆ ಹೋಗಿ, ಅತ್ತೆಯ ಮೇಲಿನ ಸಿಟ್ಟನ್ನು ಸಾಹೇಬರ ಮೇಲೆ ತೀರಿಸಿಕೊಂಡೆ. ಅಷ್ಟು ಜನ ಬಂದರು, ಅಷ್ಟೂ ಜನ ವಾಪಸ್ ಹೋದರು, ನಿಮ್ಮ ರೈಲಿಗೆ ಅವರು ಬೇಡವೇ ಎಂದು ಕೇಳಿದೆ. ಸಾಹೇಬರು ಚಹಾದ ಕಪ್ಪನ್ನು ಹಾಗೇ ಇಟ್ಟುಬಿಟ್ಟರು. ಆಮೇಲೆ ಎದ್ದು ನನ್ನ ಕಾಗದದ ಮೇಲೆ ತಾವೇ ಇನ್ನೊಂದು ಅಂಕಣ ಎಳೆದರು: ಕಳಿಸಲು ಬಂದವರು. ಷರತ್ತು ಒಂದೇ. ಬರಿದೇ ವಿಮಾನ ನೋಡಲು ಬಂದವರನ್ನು ಸೇರಿಸಕೂಡದು, ಹೋಗುವವನೊಬ್ಬ ಇರಲೇಬೇಕು. "ಲೆಕ್ಕ ಮಾತ್ರ ಸ್ವಚ್ಛ ಇರಲಿ, ವಹಿನಿ," ಎಂದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಹಿಗ್ಗು ತಡೆಯಲಾರದೆ ಮನೆಯಲ್ಲಿ ಹೇಳಿದೆ. ಇನ್ನು ಮುಂದೆ ನಿಮ್ಮನ್ನೂ ಎಣಿಸುತ್ತೇವೆ, ಎಣಿಕೆ ಏರಿದರೆ ಸಮಿತಿ ಒಪ್ಪಬಹುದು ಎಂದೆ. ಅತ್ತೆ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಸಾಹೇಬರ ಷರತ್ತನ್ನೂ ಹೇಳಿದ್ದೆ, ಆ ಭಾಗ ಅವರ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ.

ಮುಂದಿನ ರವಿವಾರ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ಕೂತಿದ್ದೇನೆ, ಒಂದರ ಹಿಂದೊಂದು ಆಟೋ ಬಂದು ನಿಂತವು. ಇಳಿದದ್ದು ಅತ್ತೆಯ ಭಜನೆ ಮಂಡಳಿ. ಇಳಕಲ್ ಸೀರೆ, ತಲೆಗೆ ಅಬ್ಬಲಿಗೆ, ಒಬ್ಬರ ಕೈಯಲ್ಲಿ ತಾಳವೂ ಇತ್ತು.

"ಯಾರನ್ನ ಕಳಸಾಕ ಬಂದೀರಿ?" ಎಂದು ಕೇಳಿದೆ.

"ಯಾರನ್ನೂ ಇಲ್ಲ. ಎಣಸಿಸಿಕೊಳ್ಳಾಕ ಬಂದೇವಿ. ಎಣಸು."

ನನಗೆ ನಗು ಮತ್ತು ಸಿಟ್ಟು ಒಟ್ಟಿಗೇ ನುಗ್ಗಿದವು. ಹೋಗುವವರಿಲ್ಲದೆ ಎಣಿಸುವಂತಿಲ್ಲ ಎಂದೆ. ಭಜನೆಯವರೆಲ್ಲ ನನ್ನನ್ನು ಕಲ್ಲೆದೆಯ ಸೊಸೆ ಎಂಬಂತೆ ನೋಡಿದರು. "ಅತ್ತಿ, ಲೆಕ್ಕ ಸುಳ್ಳಾದ್ರ ನನ್ನ ನೌಕರಿನೂ ಸುಳ್ಳು," ಎಂದೆ.

ಅತ್ತೆ ಸುತ್ತ ಕಣ್ಣಾಡಿಸಿದರು. ಬಾಗಿಲಿನ ಹತ್ತಿರ ಒಬ್ಬ ತರುಣ ಮಿಲಿಟರಿಯವನು, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬನೇ ನಿಂತಿದ್ದ. ಅವನ ಹಿಂದೆ ಮುಂದೆ ಯಾರೂ ಇರಲಿಲ್ಲ. ಅತ್ತೆ ನೇರ ಅವನ ಹತ್ತಿರ ಹೋದರು.

"ಬೇಟಾ, ಕಿದರ್ ಜಾತಾ?"

"ಘರ್, ಮಾಜೀ. ಛುಟ್ಟಿ ಮಿಲೀ."

"ಅಕೇಲಾ? ಕೋಯೀ ನಹೀಂ ಆಯಾ?"

ರಜೆಗೆ ಮನೆಗೆ ಹೊರಟವನು, ಕಳಿಸಲು ಯಾರೂ ಬಂದಿಲ್ಲವೆಂದು ತಲೆ ಅಲ್ಲಾಡಿಸಿದ. ಅಷ್ಟೇ ಸಾಕಾಯಿತು. ಅತ್ತೆ ಅವನ ಕೈ ಹಿಡಿದು ಭಜನೆಯವರ ಉಪಾಹಾರಕ್ಕೆಂದು ತಂದಿದ್ದ ಮೊಸರನ್ನು ಅಂಗೈಗೆ ಹಾಕಿದರು, ಹಣೆಗೆ ಕುಂಕುಮ ಇಟ್ಟರು, ಅದೇ ಉಪಾಹಾರದ ಬುತ್ತಿಯನ್ನು ಅವನ ಚೀಲಕ್ಕೆ ತುರುಕಿದರು. ತಾಳದವರು ಸುಮ್ಮನಿರಲಾರದೆ ಹಾಡು ಎತ್ತಿಕೊಂಡರು. ಯಾವ ಸೀಮೆಯ ಹುಡುಗನೋ, ಒಂದು ಅಕ್ಷರ ಕನ್ನಡ ಬಾರದವನು, ಮೊಸರಿನ ಕೈಯಲ್ಲೇ ಬಗ್ಗಿ ಎಲ್ಲರ ಕಾಲು ಮುಟ್ಟಿದ. ವಿಮಾನದ ಮೆಟ್ಟಿಲು ಹತ್ತುವಾಗ ತಿರುಗಿ ಕೈ ಬೀಸಿದ. ಭಜನೆ ಮಂಡಳಿ ಪೂರ್ತಿ ಕೈ ಬೀಸಿತು, ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಅತ್ತೆ ನನ್ನ ಮುಂದೆ ಬಂದು ನಿಂತರು. "ಈಗ ಕಳಿಸಿದಿವೋ ಇಲ್ಲೋ?"

ಎಣಿಸಿದೆ. ಒಬ್ಬೊಬ್ಬರನ್ನೇ, ಖುಷಿಯಿಂದ ಎಣಿಸಿದೆ. ಮರುದಿನ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕು ನಕ್ಕು, "ಕಳಿಸಿದ್ದು ಖರೆ ತಾನೆ? ಹಾಗಾದರೆ ಲೆಕ್ಕ ಸ್ವಚ್ಛ," ಎಂದರು.

ದೀಪಾವಳಿ ಕಳೆಯುವ ಹೊತ್ತಿಗೆ ಹೊಸ ಅಂಕಣ ಹಳೆಯದಕ್ಕಿಂತ ಉದ್ದವಾಗಿ ಬೆಳೆದಿತ್ತು. ಸಮಿತಿ ಕೂಡಿದ ದಿನ ಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು. ಒಬ್ಬನನ್ನು ಕಳಿಸಲು ಇಷ್ಟೊಂದು ಜನ ಯಾರ್ರೀ ಬರುತ್ತಾರೆ ಎಂದು ಅಧ್ಯಕ್ಷರು ಕೇಳಿದರಂತೆ. "ನೀವು ಕಳೆದ ಸಲ ದಿಲ್ಲಿಗೆ ಹೋದಾಗ ಎಷ್ಟು ಜನ ಬಂದಿದ್ದರು?" ಎಂದು ಸಾಹೇಬರು ತಿರುಗಿ ಕೇಳಿದರಂತೆ. ಕೋಣೆಯೆಲ್ಲ ನಗು. ಎರಡನೆಯ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ಆ ಪುಟ್ಟ ರೈಲು ಆ ಕಾಲದಲ್ಲಿ ಬರಲೇ ಇಲ್ಲ, ಕೂಸು ಮೆಟ್ರೋ ಆಗಿ ಬಹಳ ತಡವಾಗಿ ಹುಟ್ಟಿತು. ಆದರೆ ನನ್ನ ನೌಕರಿ ಉಳಿಯಿತು, ಅಲ್ಲಿಂದ ಮುಂದೆ ನಿವೃತ್ತಿಯಾಗುವವರೆಗೂ ನಾನು ಮನೆಯಲ್ಲಿ ಕೂತದ್ದಿಲ್ಲ.

ಸುದ್ದಿ ಬಂದ ಸಂಜೆ ಅತ್ತೆಯನ್ನು ಕೇಳಿಯೇಬಿಟ್ಟೆ. "ಅಭ್ಯಾಸ ಮುಗದ್ರ ನೌಕರಿ ಮುಗೀತು ಅಂದಿದ್ರಿ. ಮತ್ತ ನೀವ ಯಾಕ ಮಂದೀನ ಕರಕೊಂಡ ಬಂದ್ರಿ?"

ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ ಉತ್ತರಿಸಿದರು. "ಮ್ಯಾನೇಜರನ್ನ ಕಳಸಾಕ ಬಂದಾಗ ಸ್ಟೂಲಿನ ಮ್ಯಾಲೆ ನಿನ್ನ ಮಾರಿ ನೋಡಿದೆ. ಎಷ್ಟ ನಗತಿತ್ತು! ಈ ಮನ್ಯಾಗ ಆ ಮಾರಿ ನಾ ಒಮ್ಮಿನೂ ಕಂಡಿದ್ದಿಲ್ಲ."

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ "ಹೋಗಿ ಬರ್ತೇನ್ರಿ" ಅಂದೆ. ಅತ್ತೆ ಒಳಗಿಂದ ಬಂದು ನನ್ನ ಅಂಗೈಗೆ ಒಂದು ಚಮಚ ಮೊಸರು ಹಾಕಿದರು, ಕೈಗೆ ಬುತ್ತಿ ಕೊಟ್ಟರು, ಆಟೋ ಓಣಿಯ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತರು. ಸ್ಟೂಲಿನ ಮೇಲೆ ಕೂರುವುದಕ್ಕೂ ಮುಂಚೆ ಅವತ್ತಿನ ಲೆಕ್ಕ ಶುರುವಾಗಿತ್ತು: ಹೋಗುವವರು ಒಬ್ಬರು, ಕಳಿಸಲು ಬಂದವರು ಒಬ್ಬರು.